ಅವ್ವನ ಕಲ್ಚರ್ ರಿಪೋರ್ಟಿನ ಏಳು ‘ಆರ್’

ಹೋದ ಕಾರ್ತೀಕದಲ್ಲಿ ಪಾಂಡವಪುರದ ಹತ್ತಿರದ ನಮ್ಮೂರಿಂದ ಅಕ್ಕ ಫೋನ್ ಮಾಡಿದ್ದಳು. ಹಸುವಿಗೆ ಕೆಚ್ಚಲು ಬಾವು ಆಗಿತ್ತು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಮೊಲೆಗೆ ಟ್ಯೂಬು ಏರಿಸಿ, ಇಷ್ಟು ದಿನ ಡೇರಿಗೆ ಹಾಲು ಹಾಕಬೇಡಿ ಎಂದು ಹೇಳಿ ಹೋಗಿದ್ದರು. ಅಕ್ಕ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಡೇರಿಗೆ ಹಾಕಲಿಲ್ಲ, ಮನೆಗೆ ಇಟ್ಟುಕೊಂಡಳು.

“ಹೆಪ್ಪಾಕಿ ಎರಡ್ ದಿನ ಆಯ್ತು ಕಣಪ್ಪ, ಮೊಸ್ರೇ ಆಗ್ನಿಲ್ಲ. ಹೆಪ್ಪು ಕೆಟ್ಟೋಯ್ತೇನೋ ಅಂತ ಪಕ್ಕದ್ಮನೆಯಿಂದ ಈಸ್ಕೊಂಡ್ ಬಂದು ಹಾಕ್ದೆ. ಅದ್ಕೂ ಜಗ್ನಿಲ್ಲ.”

ಹೆಪ್ಪು ಕೆಟ್ಟಿರಲಿಲ್ಲ. ಕೆಚ್ಚಲಿಗೆ ಹಾಕಿದ ಔಷಧದ ಒಂದಿಷ್ಟು ಅಂಶ ಹಾಲಿಗೆ ಇಳಿದಿತ್ತು. ಪೆನಿಸಿಲಿನ್ ಜಾತಿಯ ಔಷಧ ಹಾಲು ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳು ಬಹಳ ಸೂಕ್ಷ್ಮ, ಚೂರು ಔಷಧ ಸೋಕಿದರೂ ಏಳುವುದಿಲ್ಲ. ಆ ಹಾಲು ಚೆಲ್ಲು, ಡಾಕ್ಟರು ಹೇಳಿದ ದಿನ ಮುಗಿಯುವತನಕ ಮನೆಗೂ ಬೇಡ ಎಂದೆ. ಅಕ್ಕ ಚೆಲ್ಲಿದಳೋ, ಕರುವಿಗೆ ಕುಡಿಸಿದಳೋ, ನಾನು ಕೇಳಲಿಲ್ಲ.

ಅದೇ ವಾರ ಮೈಸೂರಿನ ನಮ್ಮ ಮನೆಯಲ್ಲಿ ಅವ್ವನಿಗೆ ಉರಿಮೂತ್ರ. ಇಲ್ಲಿ ತಪ್ಪು ನನ್ನದೇ. ಸಂಜೆ ಹೊತ್ತು, ಡಾಕ್ಟರ ಹತ್ತಿರ ಕ್ಯೂ ನಿಲ್ಲುವುದು ಯಾರು ಎಂದುಕೊಂಡು ಬೀದಿ ತುದಿಯ ಮೆಡಿಕಲ್ ಸ್ಟೋರಿಗೆ ಹೋದೆ. “ಯೂರಿನ್ ಇನ್‌ಫೆಕ್ಷನ್ನಾ ಸಾರ್, ಪವರ್ ಇರೋದೇ ಕೊಡ್ತೀನಿ” ಎಂದು ಸೆಫಿಕ್ಸಿಮ್ ಮಾತ್ರೆಯ ಒಂದು ಸ್ಟ್ರಿಪ್ ಕೊಟ್ಟರು. ಐದು ದಿನ ನುಂಗಿದ ಮೇಲೂ ಉರಿ ಹಾಗೇ ಇತ್ತು, ಜೊತೆಗೆ ಚಳಿ ಬೇರೆ. ಊರಿನಲ್ಲಿ ಹಾಲಿಗೆ ಇಳಿದ ತೊಟ್ಟು ಔಷಧಕ್ಕೆ ಸತ್ತುಹೋದ ಬ್ಯಾಕ್ಟೀರಿಯಾ, ಇಲ್ಲಿ ಒಂದು ಸ್ಟ್ರಿಪ್ ಮಾತ್ರೆಗೂ ಜಗ್ಗದ ಬ್ಯಾಕ್ಟೀರಿಯಾ. ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಬರೆದದ್ದು ಮಾತ್ರೆಯನ್ನಲ್ಲ, ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವ ಕಲ್ಚರ್ ಟೆಸ್ಟನ್ನು.

ಮೂರನೇ ದಿನ ರಿಪೋರ್ಟ್ ಬಂತು. ಬೆಳೆದದ್ದು ಇ-ಕೊಲೈ ಎಂಬ ಬ್ಯಾಕ್ಟೀರಿಯಾ, ಮಿಲಿಲೀಟರಿಗೆ ಲಕ್ಷಕ್ಕೂ ಹೆಚ್ಚು. ಕೆಳಗೆ ಹನ್ನೊಂದು ಔಷಧಗಳ ಪಟ್ಟಿ, ಒಂದೊಂದರ ಮುಂದೆ ಒಂದು ಇಂಗ್ಲಿಷ್ ಅಕ್ಷರ. ‘ಎಸ್’ ಎಂದರೆ ಈ ಔಷಧಕ್ಕೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ಆಂಪಿಸಿಲಿನ್ ಆರ್, ಅಮಾಕ್ಸಿಸಿಲಿನ್-ಕ್ಲಾವ್ ಆರ್, ಸೆಫಿಕ್ಸಿಮ್ ಆರ್, ಸೆಫ್ಟ್ರಿಯಾಕ್ಸೋನ್ ಆರ್, ಸಿಪ್ರೊಫ್ಲಾಕ್ಸಾಸಿನ್ ಆರ್, ಲೆವೊಫ್ಲಾಕ್ಸಾಸಿನ್ ಆರ್, ಕೋ-ಟ್ರೈಮಾಕ್ಸಜೋಲ್ ಆರ್. ಏಳು ಆರ್. (ಏಳೋ ಆರೋ ಎಂದು ಅವ್ವ ಎರಡು ಸಲ ಕೇಳಿದಳು.) ಉಳಿದ ನಾಲ್ಕು ಎಸ್. ಅಡಿಯಲ್ಲಿ ದಪ್ಪಕ್ಷರದಲ್ಲಿ ಒಂದು ಮಾತು: ‘ಇ.ಎಸ್.ಬಿ.ಎಲ್. ಉತ್ಪಾದಕ’.

ಇಂಥದ್ದಕ್ಕೆ ನಮ್ಮ ಕಡೆ ಎರಡು ವಿವರಣೆ ಯಾವಾಗಲೂ ಸಿದ್ಧ. ಒಂದು, ‘ಮಾತ್ರೆಗೆ ಪವರ್ ಸಾಲದು’. ಇನ್ನೊಂದು, ‘ಮೈಗೆ ಆ ಔಷಧ ಒಗ್ಗಿಹೋಗಿದೆ’. ಎರಡೂ ತಪ್ಪು. ಅವ್ವನ ಮೈ ಯಾವುದಕ್ಕೂ ಒಗ್ಗಿರಲಿಲ್ಲ. ಆಕೆ ಸಿಪ್ರೊ ನುಂಗಿಯೇ ಎಷ್ಟೋ ವರ್ಷವಾಗಿತ್ತು. ಬದಲಾದದ್ದು ಬ್ಯಾಕ್ಟೀರಿಯಾದೊಳಗಿನ ಒಂದೆರಡು ಪ್ರೋಟೀನುಗಳು. ಯಾವುದು ಬದಲಾಗಿದೆ ಎಂಬುದು ಗೊತ್ತಾದರೆ ‘ಪವರ್’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ರಿಪೋರ್ಟಿನ ಏಳು ಆರ್‌ಗಳ ಹಿಂದೆ ಇರುವುದು ಮೂರೇ ಕಥೆ. ಮೊದಲ ನಾಲ್ಕಕ್ಕೆ ಒಂದು, ಮುಂದಿನ ಎರಡಕ್ಕೆ ಒಂದು, ಕೊನೆಯದಕ್ಕೆ ಒಂದು.

ಪ್ರೋಟೀನ್ ಎಂದ ತಕ್ಷಣ ನಮಗೆ ನೆನಪಾಗುವುದು ಬೇಳೆ, ಮೊಟ್ಟೆ, ಜಿಮ್‌ಗೆ ಹೋಗುವ ಹುಡುಗರ ದೊಡ್ಡ ಡಬ್ಬಿ. ಜೀವಕೋಶದೊಳಗೆ ಅದು ತಿನ್ನುವ ಪದಾರ್ಥವಲ್ಲ, ಕೆಲಸದಾಳು. ಗೋಡೆ ಕಟ್ಟುವುದು, ಬಾಗಿಲು ಕಾಯುವುದು, ಡಿಎನ್ಎ ನಕಲು ಮಾಡುವುದು, ಕಸ ಎತ್ತಿ ಹಾಕುವುದು ಎಲ್ಲಕ್ಕೂ ಒಂದೊಂದು ಪ್ರೋಟೀನ್. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳನ್ನು ಅಕ್ಷರಗಳಂತೆ ಒಂದರ ಪಕ್ಕ ಒಂದು ಪೋಣಿಸಿದರೆ ಪ್ರೋಟೀನ್. ಆ ಸರ ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ, ಆ ಆಕಾರದಿಂದಲೇ ಅದರ ಕೆಲಸ. ನೂರಾರು ಅಕ್ಷರಗಳ ಸರದಲ್ಲಿ ಒಂದು ಬದಲಾದರೆ ಬಹಳ ಸಲ ಏನೂ ಆಗುವುದಿಲ್ಲ. ಕೆಲವೊಮ್ಮೆ ಪ್ರೋಟೀನೇ ಕೆಟ್ಟು ಕೋಶ ಸಾಯುತ್ತದೆ. ಅಪರೂಪಕ್ಕೆ ಒಮ್ಮೆ, ಕೆಲಸವೂ ನಿಲ್ಲದೆ ಔಷಧವೂ ಹಿಡಿಯದೆ ಹೋಗುವಂಥ ಬದಲಾವಣೆ. ಹಾಲು ಎಂದು ಬರೆಯುವ ಕಡೆ ‘ಲು’ ಹೋಗಿ ‘ಳು’ ಬಂದರೆ ಹಾಳು. ಬರೆದ ಕೈಗೆ ಒಂದೇ ಅಕ್ಷರದ ವ್ಯತ್ಯಾಸ, ಓದುವವನಿಗೆ ಬೇರೆಯೇ ಲೋಕ.

ಮೊದಲ ನಾಲ್ಕು ಆರ್‌ಗಳನ್ನು ನೋಡೋಣ. ಪೆನಿಸಿಲಿನ್ನೂ ಸೆಫಿಕ್ಸಿಮ್ಮೂ ಮೆರೊಪೆನೆಮ್ಮೂ ಒಂದೇ ಮನೆತನದವು. ಎಲ್ಲದರ ಒಳಗೂ ನಾಲ್ಕು ಪರಮಾಣುಗಳ ಒಂದು ಚೌಕ ಉಂಗುರ ಇದೆ, ಹೆಸರು ಬೀಟಾ-ಲ್ಯಾಕ್ಟಮ್. ಬ್ಯಾಕ್ಟೀರಿಯಾ ತನ್ನ ಸುತ್ತ ಒಂದು ಗಟ್ಟಿ ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆಯ ಕೊಂಡಿಗಳನ್ನು ಒಂದಕ್ಕೊಂದು ಬೆಸೆಯುವ ಗಾರೆ ಕೆಲಸದವನೂ ಒಂದು ಪ್ರೋಟೀನೇ. ಅವನ ಕೈಯಲ್ಲಿ ಸೇರಿನ್ ಎಂಬ ಅಮೈನೊ ಆಮ್ಲವಿದೆ. ಇಟ್ಟಿಗೆ ಎತ್ತಿಕೊಳ್ಳುವುದು ಅದರಿಂದಲೇ. ಪೆನಿಸಿಲಿನ್ ನೋಡಲು ಥೇಟ್ ಆ ಇಟ್ಟಿಗೆಯ ತುದಿಯಂತೆ ಇರುತ್ತದೆ. ಗಾರೆಯವ ಎತ್ತಿಕೊಳ್ಳುತ್ತಾನೆ, ಉಂಗುರ ಬಿರಿದು ಸೇರಿನ್ನಿಗೆ ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಕೈ ಅಂಟಿಹೋದ ಗಾರೆಯವನಿಂದ ಗೋಡೆ ಏಳುವುದಿಲ್ಲ. ಕೋಶ ಬೆಳೆಯುತ್ತಾ ಹೋಗಿ ಒಡೆಯುತ್ತದೆ. ಅಕ್ಕನ ಹಾಲಿನಲ್ಲಿ ಹೆಪ್ಪು ಸೋತದ್ದು ಇಂಥದ್ದೊಂದು ಔಷಧಕ್ಕೇ.

ಇದರಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ಎರಡು ದಾರಿ. ಗಾರೆಯವನನ್ನೇ ಬದಲಾಯಿಸುವುದು ಒಂದು. 1959ರಲ್ಲಿ ಪೆನಿಸಿಲಿನ್ ಜಾತಿಯ ಮೆಥಿಸಿಲಿನ್ ಬಂತು, 1961ರಲ್ಲಿ ಬ್ರಿಟನ್ನಿನಲ್ಲಿ ಅದಕ್ಕೆ ಜಗ್ಗದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಅದು ಬೇರೆ ಕಡೆಯಿಂದ ಹೊಸ ಗಾರೆಯವನನ್ನು ತಂದಿಟ್ಟುಕೊಂಡಿತ್ತು. ಇವನ ಸೇರಿನ್ ಒಳಸಂದಿಯಲ್ಲಿ ಅವಿತಿರುವುದರಿಂದ ಔಷಧಕ್ಕೆ ಸುಲಭವಾಗಿ ಸಿಗುವುದಿಲ್ಲ. ಎರಡನೆಯ ದಾರಿ ಇನ್ನೂ ಸರಳ: ನಕಲಿ ಇಟ್ಟಿಗೆಯನ್ನು ಗಾರೆಯವನ ಕೈಗೆ ಸೇರುವ ಮೊದಲೇ ಒಡೆದುಹಾಕುವುದು. ಅದಕ್ಕಾಗಿಯೇ ಇರುವ ಪ್ರೋಟೀನ್ ಬೀಟಾ-ಲ್ಯಾಕ್ಟಮೇಸ್. ಇದೂ ಸೇರಿನ್‌ನಿಂದಲೇ ಔಷಧವನ್ನು ಹಿಡಿಯುತ್ತದೆ, ಆದರೆ ಅಂಟಿಕೊಂಡು ಕೂರುವುದಿಲ್ಲ. ಪಕ್ಕದಲ್ಲೇ ಒಂದು ನೀರಿನ ಅಣುವನ್ನು ಸಜ್ಜಾಗಿಟ್ಟುಕೊಂಡಿರುತ್ತದೆ. ಆ ನೀರು ಬಂಧವನ್ನು ಕತ್ತರಿಸುತ್ತದೆ, ಮುರಿದ ಔಷಧ ಆಚೆ ಹೋಗುತ್ತದೆ, ಕೈ ಖಾಲಿ. ಇವುಗಳಲ್ಲಿ ಚುರುಕಿನದು ಸೆಕೆಂಡಿಗೆ ಸಾವಿರದ ಆಸುಪಾಸು ಪೆನಿಸಿಲಿನ್ ಅಣುಗಳನ್ನು ಮುರಿಯುತ್ತದೆ. ಹಾಗಿರುವಾಗ ಒಂದು ಮಾತ್ರೆಯ ಜಾಗದಲ್ಲಿ ಎರಡು ನುಂಗಿದರೆ ಏನಾದೀತು? ಆಲೆಮನೆ ಗಾಣಕ್ಕೆ ಒಂದು ಕಟ್ಟಿನ ಬದಲು ಎರಡು ಕಟ್ಟು ಕಬ್ಬು ಕೊಟ್ಟ ಹಾಗೆ, ಅಷ್ಟೆ.

ಈ ಪ್ರೋಟೀನು ನಮ್ಮ ಆಸ್ಪತ್ರೆಗಳು ಹುಟ್ಟಿಸಿದ್ದಲ್ಲ. ಪೆನಿಸಿಲಿನ್ ಇನ್ನೂ ಜನರ ಕೈಗೆ ಸಿಗುವ ಮೊದಲು, 1940ರಲ್ಲೇ, ಆಕ್ಸ್‌ಫರ್ಡಿನಲ್ಲಿ ಅಬ್ರಹಾಂ ಮತ್ತು ಚೇನ್ ಅದನ್ನು ಮುರಿಯುವ ಕಿಣ್ವವನ್ನು ಬ್ಯಾಕ್ಟೀರಿಯಾದಲ್ಲಿ ಕಂಡಿದ್ದರು. ಕೆನಡಾದ ಯೂಕಾನ್‌ನಲ್ಲಿ 30,000 ವರ್ಷದಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲೂ ಇಂಥ ಪ್ರತಿರೋಧದ ಜೀನುಗಳು ಸಿಕ್ಕಿವೆ ಎಂದು 2011ರಲ್ಲಿ ವರದಿಯಾಯಿತು. ಮಣ್ಣಿನಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾಗಳ ನಡುವೆ ಈ ಜಗಳ ನಾವು ಬರುವ ಮೊದಲಿನಿಂದ ಇದೆ. ನಾವು ಮಾಡಿದ್ದು, ಈ ಪ್ರೋಟೀನ್ ಇದ್ದವರಷ್ಟೇ ಬದುಕುವಂಥ ಜಾಗಗಳನ್ನು ಲಕ್ಷಗಟ್ಟಲೆ ಸೃಷ್ಟಿಸಿದ್ದು.

ಔಷಧ ಕಂಪನಿಗಳು ಸುಮ್ಮನಿರಲಿಲ್ಲ. ಹಳೆಯ ಬೀಟಾ-ಲ್ಯಾಕ್ಟಮೇಸಿನ ಬಾಯಿಗೆ ತೂರದಷ್ಟು ದಪ್ಪನೆಯ ಪಕ್ಕೆಗಳಿರುವ ಸೆಫಲೊಸ್ಪೊರಿನ್‌ಗಳು ಬಂದವು. ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್ ಎಲ್ಲ ಆ ಪೀಳಿಗೆ. ಪ್ರೋಟೀನ್ ಬಾಯಿ ಅಗಲಿಸಿತು. ಅಥೆನ್ಸಿನ ಒಬ್ಬ ರೋಗಿಯ ಹೆಸರಿನ ಮೊದಲಕ್ಷರಗಳಿಂದ ಟೆಮ್ ಎಂದು ಕರೆಸಿಕೊಂಡ ಕಿಣ್ವದಲ್ಲಿ ಒಂದೆರಡು ಅಮೈನೊ ಆಮ್ಲ ಬದಲಾದದ್ದೇ ಇದಕ್ಕೆ ಸಾಕಾಯಿತು. ಅದಕ್ಕೇ ಇವುಗಳಿಗೆ ‘ವ್ಯಾಪ್ತಿ ಹಿಗ್ಗಿದ ಬೀಟಾ-ಲ್ಯಾಕ್ಟಮೇಸ್’ ಎಂಬ ಹೆಸರು. ರಿಪೋರ್ಟಿನಲ್ಲಿದ್ದ ಇ.ಎಸ್.ಬಿ.ಎಲ್. ಅಂದರೆ ಇದೇ.

ಇಂದು ಲೋಕದಲ್ಲೆಲ್ಲ ಹರಡಿರುವ ಇ.ಎಸ್.ಬಿ.ಎಲ್.ಗಳಲ್ಲಿ ಮುಂಚೂಣಿಯದು ಸಿಟಿಎಕ್ಸ್-ಎಂ-15. ಹೆಸರಿನ ಮೊದಲ ಭಾಗ ಸೆಫೊಟಾಕ್ಸಿಮ್, ‘ಎಂ’ ಎಂದರೆ ಮ್ಯೂನಿಕ್. ಆದರೆ ಈ 15ನೇ ರೂಪ ಮೊದಲು ಗುರುತಿಗೆ ಸಿಕ್ಕಿದ್ದು 1999ರಲ್ಲಿ ದೆಹಲಿಯಲ್ಲಿ ಸಂಗ್ರಹಿಸಿದ ಬ್ಯಾಕ್ಟೀರಿಯಾಗಳಲ್ಲಿ. ಅದರ ಹಿಂದಿನ ರೂಪಕ್ಕೂ ಇದಕ್ಕೂ ವ್ಯತ್ಯಾಸ ಒಂದೇ ಅಕ್ಷರ: 240ನೇ ಜಾಗದಲ್ಲಿ ಆಸ್ಪಾರ್ಟೇಟ್ ಹೋಗಿ ಗ್ಲೈಸಿನ್. ಗ್ಲೈಸಿನ್ ಅಮೈನೊ ಆಮ್ಲಗಳಲ್ಲೆಲ್ಲ ಚಿಕ್ಕದು, ಬಳುಕುವಂಥದ್ದು. ಅದು ಬಂದ ಕಡೆ ಪ್ರೋಟೀನ್ ಸ್ವಲ್ಪ ಸಡಿಲಗೊಂಡು ಇನ್ನೊಂದು ದಪ್ಪ ಔಷಧವನ್ನೂ ಒಳಗೆ ಬಿಟ್ಟುಕೊಂಡು ಮುರಿಯಲು ಶುರುಮಾಡಿತು. ಈ ಜೀನು ಕ್ಲೈವೆರಾ ಎಂಬ, ನಮಗೆ ಅಷ್ಟೇನೂ ತೊಂದರೆ ಕೊಡದ ಬ್ಯಾಕ್ಟೀರಿಯಾದ ಸ್ವಂತ ಸೊತ್ತಾಗಿತ್ತು. ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರ ಹತ್ತಿಕೊಂಡು ಇ-ಕೊಲೈಗೆ ಬಂತು. ನೆರೆಮನೆಯಿಂದ ಹೆಪ್ಪು ಈಸಿಕೊಳ್ಳುವಷ್ಟೇ ಸಲೀಸಾಗಿ ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಹಂಚಿಕೊಳ್ಳುತ್ತವೆ.

‘ಕ್ಲಾವ್’ ಇರುವ ಮಾತ್ರೆ ಯಾಕೆ ಸೋತಿತು? ಕ್ಲಾವುಲಾನಿಕ್ ಆಮ್ಲ ತಾನೇ ಹೋಗಿ ಬೀಟಾ-ಲ್ಯಾಕ್ಟಮೇಸಿನ ಸೇರಿನ್ನಿಗೆ ಅಂಟಿಕೊಂಡು, ಜೊತೆಯಲ್ಲಿರುವ ಅಮಾಕ್ಸಿಸಿಲಿನ್ನನ್ನು ಕಾಯುತ್ತದೆ. ಆದರೆ ಸಿಟಿಎಕ್ಸ್-ಎಂ-15 ಹೊತ್ತ ಬ್ಯಾಕ್ಟೀರಿಯಾಗಳಲ್ಲಿ ಎಷ್ಟೋ ಸಲ ಓಕ್ಸಾ-1 ಎಂಬ ಇನ್ನೊಂದು ಕಿಣ್ವವೂ ಜೊತೆಗಿರುತ್ತದೆ. ಅದು ಕ್ಲಾವುಲಾನಿಕ್ ಆಮ್ಲಕ್ಕೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಲ್ಯಾಬಿನ ರಿಪೋರ್ಟ್ ಜೀನಿನ ಹೆಸರು ಬರೆಯುವುದಿಲ್ಲ, ಆದರೂ ಅವ್ವನ ರಿಪೋರ್ಟಿನ ನಮೂನೆ ಆ ಜೋಡಿಯ ಕಡೆಗೇ ಬೆರಳು ತೋರಿಸುತ್ತದೆ. ಈ ಸ್ಪರ್ಧೆಯಲ್ಲಿ ನಮ್ಮವರದ್ದೂ ಒಂದು ಪಾಲಿದೆ: ಇ.ಎಸ್.ಬಿ.ಎಲ್.ಗಳ ಬಾಯಿ ಕಟ್ಟುವ ಎನ್‌ಮೆಟಾಜೊಬ್ಯಾಕ್ಟಮ್ ಚೆನ್ನೈನ ಆರ್ಕಿಡ್ ಫಾರ್ಮಾದಲ್ಲಿ ರೂಪುಗೊಂಡದ್ದು. ಸೆಫೆಪಿಮ್ ಜೊತೆ ಸೇರಿಸಿದ ಅದರ ಇಂಜೆಕ್ಷನ್ನಿಗೆ 2024ರ ಫೆಬ್ರವರಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು.

ಇವೆಲ್ಲ ಸೋತಾಗ ಕೊಡುವ ಮೆರೊಪೆನೆಮ್ ಎದುರು ‘ಎಸ್’ ಇದ್ದದ್ದು ನಮ್ಮ ಪುಣ್ಯ. ಅಲ್ಲಿ ‘ಆರ್’ ಬಂದಿದ್ದರೆ ಮಾತು ಎನ್‌ಡಿಎಂಗೆ ಹೋಗುತ್ತಿತ್ತು. 2008ರಲ್ಲಿ ಭಾರತದಿಂದ ಸ್ವೀಡನ್ನಿಗೆ ಹೋದ ಒಬ್ಬ ರೋಗಿಯಲ್ಲಿ ಪತ್ತೆಯಾದ ಈ ಕಿಣ್ವಕ್ಕೆ ಹೊಸದಿಲ್ಲಿಯ ಹೆಸರಿಟ್ಟರು. 2010ರಲ್ಲಿ ಅದು ದೊಡ್ಡ ರಂಪವಾಯಿತು, ಹೆಸರಿನ ಬಗ್ಗೆ ಸರ್ಕಾರವೂ ಆಕ್ಷೇಪಿಸಿತು. ಹೆಸರಿನ ಜಗಳದಲ್ಲಿ ಪ್ರೋಟೀನಿನ ಮಾತು ಹಿಂದೆ ಸರಿಯಿತು. ಎನ್‌ಡಿಎಂನಲ್ಲಿ ಸೇರಿನ್ ಎಂಬ ಕೈಯೇ ಇಲ್ಲ. ಎರಡು ಸತುವಿನ ಅಯಾನುಗಳು ನೀರನ್ನು ಹರಿತ ಮಾಡಿ ಔಷಧವನ್ನು ನೇರವಾಗಿ ಕತ್ತರಿಸುತ್ತವೆ. ಸೇರಿನ್ನಿಗೆ ಅಂಟಲು ಹೊರಟ ಕ್ಲಾವುಲಾನಿಕ್ ಆಮ್ಲಕ್ಕೆ ಅಲ್ಲಿ ಹಿಡಿಯಲು ಏನೂ ಇಲ್ಲ. ನಮ್ಮ ದೇಹ ಸೋಂಕಿನ ಹೊತ್ತಿನಲ್ಲಿ ಬ್ಯಾಕ್ಟೀರಿಯಾಕ್ಕೆ ಸತು ಸಿಗದಂತೆ ಬಚ್ಚಿಡುತ್ತದೆ. ಅದಕ್ಕೂ ಎನ್‌ಡಿಎಂ ಉತ್ತರ ಕಂಡುಕೊಳ್ಳುತ್ತಿದೆ. 154ನೇ ಜಾಗದಲ್ಲಿ ಮೆಥಿಯೊನಿನ್ ಹೋಗಿ ಲ್ಯೂಸಿನ್ ಬಂದ ರೂಪಗಳು ಸತು ಕಮ್ಮಿ ಇದ್ದಾಗಲೂ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜಾಲದ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಇ-ಕೊಲೈಗಳಲ್ಲಿ ಮೆರೊಪೆನೆಮ್‌ನ ಸೋದರ ಇಮಿಪೆನೆಮ್‌ಗೆ ಬಗ್ಗುವವು 2017ರಲ್ಲಿ ನೂರಕ್ಕೆ 81ರಷ್ಟಿದ್ದವು, 2023ರ ಹೊತ್ತಿಗೆ 63ರ ಸುತ್ತಮುತ್ತ. ದೊಡ್ಡಾಸ್ಪತ್ರೆಗೆ ಬರುವ ರೋಗಿಗಳ ಲೆಕ್ಕ ಅದು, ಊರಿನ ಎಲ್ಲರದ್ದಲ್ಲ. ಆದರೂ ಆರು ವರ್ಷಕ್ಕೆ ಆ ಇಳಿಜಾರು ಸಣ್ಣದಲ್ಲ.

ಎರಡನೆಯ ಕಥೆ ನನಗೆ ಹೆಚ್ಚು ಇಷ್ಟ, ಯಾಕೆಂದರೆ ಇದು ಎಲ್ಲಿಂದಲೋ ತಂದದ್ದಲ್ಲ, ಮನೆಯೊಳಗೇ ಆದದ್ದು. ಎರಡು ಮೈಕ್ರೊಮೀಟರ್ ಉದ್ದದ ಇ-ಕೊಲೈ ಕೋಶದಲ್ಲಿ ಬಿಡಿಸಿಟ್ಟರೆ ಒಂದೂವರೆ ಮಿಲಿಮೀಟರ್ ಆಗುವ ಡಿಎನ್ಎ ತುರುಕಿಕೊಂಡಿದೆ. ಹಗ್ಗ ಹೊಸೆದವರಿಗೆ ಗೊತ್ತು, ಹೊಸೆದ ಎಳೆಗಳನ್ನು ಮಧ್ಯದಲ್ಲಿ ಬಿಡಿಸಲು ಹೋದರೆ ಆಚೀಚೆ ಹುರಿ ಬಿಗಿಯಾಗಿ ಗಂಟು ಬೀಳುತ್ತದೆ. ಆ ಬಿಗಿ ಸಡಿಲಿಸುವ ಪ್ರೋಟೀನ್ ಗೈರೇಸ್. ಅದು ಡಿಎನ್ಎಯ ಎರಡೂ ಎಳೆಗಳನ್ನು ಕತ್ತರಿಸಿ, ಆ ಸಂದಿನಲ್ಲಿ ಇನ್ನೊಂದು ತುಂಡನ್ನು ದಾಟಿಸಿ, ಮತ್ತೆ ಬೆಸೆಯುತ್ತದೆ. ಸಿಪ್ರೊ ಬಂದು ಕೂರುವುದು ಕತ್ತರಿಸಿದ ಆ ಕ್ಷಣದಲ್ಲಿ, ಕತ್ತರಿಸಿದ ಸಂದಿಯಲ್ಲೇ. ಬೆಸೆಯಲು ಬಿಡುವುದಿಲ್ಲ. ಬ್ಯಾಕ್ಟೀರಿಯಾ ತನ್ನದೇ ಕತ್ತರಿಯಿಂದ ಸಾಯುತ್ತದೆ.

ಅಲ್ಲಿ ಕೂರಲು ಸಿಪ್ರೊಗೆ ಒಂದು ಆಸರೆ ಬೇಕು. ಗೈರೇಸಿನ ‘ಎ’ ಘಟಕದ 875 ಅಮೈನೊ ಆಮ್ಲಗಳಲ್ಲಿ 83ನೆಯದು ಸೇರಿನ್, 87ನೆಯದು ಆಸ್ಪಾರ್ಟೇಟ್. ಒಂದು ಮೆಗ್ನೀಸಿಯಮ್ ಅಯಾನನ್ನೂ ಅದರ ಸುತ್ತಲಿನ ನೀರಿನ ಅಣುಗಳನ್ನೂ ಸೇತುವೆ ಮಾಡಿಕೊಂಡು ಸಿಪ್ರೊ ಇವೆರಡನ್ನು ಹಿಡಿದುಕೊಳ್ಳುತ್ತದೆ. 83ರಲ್ಲಿ ಸೇರಿನ್ ಹೋಗಿ ಲ್ಯೂಸಿನ್ ಬಂದರೆ ಸೇತುವೆಯ ಒಂದು ಕಂಬ ಇಲ್ಲ. ಸೇರಿನ್ ನೀರಿನ ಜೊತೆ ಹೊಂದಿಕೊಳ್ಳುವಂಥದ್ದು, ಲ್ಯೂಸಿನ್ ಎಣ್ಣೆಯ ಸ್ವಭಾವದ್ದು, ನೀರನ್ನು ದೂರ ಇಡುತ್ತದೆ. ಗೈರೇಸಿನ ಕೆಲಸ ಮಾತ್ರ ಹೆಚ್ಚು ಕಮ್ಮಿ ಮೊದಲಿನಂತೆಯೇ ನಡೆಯುತ್ತದೆ. ಜೀನಿನಲ್ಲಿ ಮೂರು ಡಿಎನ್ಎ ಅಕ್ಷರ ಸೇರಿ ಒಂದು ಅಮೈನೊ ಆಮ್ಲವನ್ನು ಹೇಳುತ್ತವೆ. ಅಲ್ಲಿ ಇದಕ್ಕೆ ಬೇಕಾದದ್ದು ಒಂದೇ ಅಕ್ಷರದ ತಪ್ಪು: ಟಿ-ಸಿ-ಜಿ ಇದ್ದದ್ದು ಟಿ-ಟಿ-ಜಿ.

ಈ ಒಂದು ಬದಲಾವಣೆಯಿಂದಲೇ ರಿಪೋರ್ಟಿನಲ್ಲಿ ‘ಆರ್’ ಬರುವುದಿಲ್ಲ. ಬ್ಯಾಕ್ಟೀರಿಯಾವನ್ನು ತಡೆಯಲು ಬೇಕಾದ ಸಿಪ್ರೊ ಪ್ರಮಾಣ ಹತ್ತಿಪ್ಪತ್ತು ಪಟ್ಟು ಏರುತ್ತದೆ, ಆದರೂ ಪೂರ್ತಿ ಡೋಸಿಗೆ ಅದು ಸೋಲಬಹುದು. ಅರೆಬರೆ ಡೋಸಿಗೆ ಸೋಲುವುದಿಲ್ಲ. ಉಳಿದವರ ಪೈಕಿ ಯಾರಿಗೋ 87ನೇ ಜಾಗವೂ ಬದಲಾಗುತ್ತದೆ, ಆಮೇಲೆ ಪಾರ್-ಸಿ ಎಂಬ ಗೈರೇಸಿನ ಸೋದರ ಪ್ರೋಟೀನಿನ 80ನೇ ಸೇರಿನ್. ಮೂರೂ ಆದ ಇ-ಕೊಲೈಗೆ ಬೇಕಾದ ಔಷಧ ಸಾವಿರ ಪಟ್ಟಿಗೂ ಮೇಲೆ. ಮನುಷ್ಯನ ಮೈಯಲ್ಲಿ ಅಷ್ಟು ತುಂಬಲು ಸಾಧ್ಯವೇ ಇಲ್ಲ. ಚಾಮುಂಡಿ ಬೆಟ್ಟವನ್ನು ಯಾರೂ ಒಂದೇ ನೆಗೆತಕ್ಕೆ ಹತ್ತುವುದಿಲ್ಲ, ಮೆಟ್ಟಿಲಿದ್ದರೆ ಎಲ್ಲರೂ ಹತ್ತುತ್ತಾರೆ. ನೆಗಡಿಗೆ ನುಂಗಿದ ಎರಡು ಮಾತ್ರೆ, ಕೋಳಿ ಫಾರಂ ನೀರಿಗೆ ಬೆರೆಸಿದ ಚೂರು, ಚರಂಡಿಗೆ ಹೋದ ಉಳಿಕೆ, ಇವೆಲ್ಲ ಮೆಟ್ಟಿಲು.

ಹಾರ್ವರ್ಡಿನಲ್ಲಿ 2016ರಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದರು. ಸುಮಾರು ನಾಲ್ಕಡಿ ಉದ್ದ, ಎರಡಡಿ ಅಗಲದ ತಟ್ಟೆ. ಅಂಚಿನಲ್ಲಿ ಔಷಧವೇ ಇಲ್ಲ, ಮಧ್ಯಕ್ಕೆ ಬಂದಂತೆ ಹಂತಹಂತವಾಗಿ ಹೆಚ್ಚುತ್ತಾ ಸಾವಿರ ಪಟ್ಟು. ಅಂಚಿನಲ್ಲಿ ಬಿಟ್ಟ ಇ-ಕೊಲೈ ಒಂದೊಂದು ಗಡಿಯಲ್ಲೂ ನಿಂತು, ಬದಲಾದ ಒಂದು ಸಂತತಿ ಕವಲೊಡೆದು ಮುಂದೆ ನುಗ್ಗಿ, ಹನ್ನೊಂದು-ಹನ್ನೆರಡು ದಿನದಲ್ಲಿ ನಡುವಿಗೆ ಮುಟ್ಟಿತು.

ಬ್ಯಾಕ್ಟೀರಿಯಾ ‘ಕಲಿಯುತ್ತದೆ’, ‘ಬುದ್ಧಿ ಓಡಿಸುತ್ತದೆ’ ಎಂದೆಲ್ಲ ಬರೆಯುವುದು ಓದಲು ಚೆನ್ನ. ನಾನೂ ಮೇಲೆ ‘ಉತ್ತರ ಕಂಡುಕೊಳ್ಳುತ್ತಿದೆ’ ಎಂದು ಬರೆದೆ. ನಿಜದಲ್ಲಿ ಯಾವ ಕೋಶವೂ ಔಷಧ ನೋಡಿ ತನ್ನ ಪ್ರೋಟೀನ್ ತಿದ್ದಿಕೊಳ್ಳುವುದಿಲ್ಲ. ತಪ್ಪಕ್ಷರಗಳು ಮೊದಲೇ, ಕಾರಣವಿಲ್ಲದೆ, ಬಿದ್ದಿರುತ್ತವೆ ಎಂಬುದನ್ನು 1943ರಲ್ಲೇ ಲೂರಿಯಾ ಮತ್ತು ಡೆಲ್‌ಬ್ರಕ್ ಲೆಕ್ಕ ಹಾಕಿ ತೋರಿಸಿದ್ದರು. ಇ-ಕೊಲೈ ತನ್ನ ಡಿಎನ್ಎ ನಕಲು ಮಾಡುವಾಗ ಸಾವಿರ ಕೋಶಕ್ಕೊಂದರಂತೆ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಮಿಲಿಲೀಟರಿಗೆ ಲಕ್ಷ ಎಂದರೆ ಮುನ್ನೂರು ಮಿಲಿಲೀಟರ್ ಮೂತ್ರದಲ್ಲಿ ಮೂರು ಕೋಟಿ. ಅಷ್ಟು ಜನರಿರುವ ಊರಲ್ಲಿ ತಪ್ಪಕ್ಷರಗಳಿಗೆ ಬರವಿಲ್ಲ. ಔಷಧ ಬಂದು ಉಳಿದವರನ್ನೆಲ್ಲ ಗುಡಿಸಿದಾಗ ತಪ್ಪಕ್ಷರದವನಿಗೆ ಊರೆಲ್ಲ ಖಾಲಿ ಸಿಗುತ್ತದೆ.

ಮೂರನೆಯ ಕಥೆ ಚಿಕ್ಕದು. ಕೋ-ಟ್ರೈಮಾಕ್ಸಜೋಲ್ ಹಿಡಿಯುವ ಎರಡು ಕಿಣ್ವಗಳಿಗೆ ಬ್ಯಾಕ್ಟೀರಿಯಾ ಪ್ಲಾಸ್ಮಿಡ್‌ನಲ್ಲಿ ಬದಲಿ ತರಿಸಿಕೊಂಡಿರುತ್ತದೆ. ಮೂಲದ್ದು ಸಿಕ್ಕಿಹಾಕಿಕೊಂಡರೂ ಸ್ಟೆಪ್ನಿ ಇದೆ, ಗಾಡಿ ನಿಲ್ಲುವುದಿಲ್ಲ. ಇವಲ್ಲದೆ ರಿಪೋರ್ಟಿನಲ್ಲಿ ಕಾಣದ ಎರಡು ಬದಲಾವಣೆಗಳೂ ಇವೆ. ಹೊರಪೊರೆಯಲ್ಲಿರುವ ಪೋರಿನ್ ಎಂಬ ಬಾಗಿಲು ಪ್ರೋಟೀನುಗಳನ್ನು ಕಮ್ಮಿ ಮಾಡಿಕೊಳ್ಳುವುದು ಒಂದು, ಒಳಗೆ ಬಂದ ಔಷಧವನ್ನು ಆಚೆ ಎತ್ತಿಹಾಕುವ ಪಂಪು ಪ್ರೋಟೀನುಗಳನ್ನು ಹೆಚ್ಚು ಮಾಡಿಕೊಳ್ಳುವುದು ಇನ್ನೊಂದು. ಪಂಪು ಒಂದೇ ಔಷಧವೆಂದು ನೋಡುವುದಿಲ್ಲ, ಸಿಕ್ಕಿದ್ದನ್ನೆಲ್ಲ ಎತ್ತುತ್ತದೆ. ಒಂದು ಔಷಧ ಸಾಕಿ ಬೆಳೆಸಿದ ಪಂಪು ಇನ್ನೊಂದಕ್ಕೂ ಅಡ್ಡ ಬರುವುದು ಹೀಗೆ.

ಇನ್ನು ‘ಎಸ್’ಗಳ ಮಾತು. ಡಾಕ್ಟರು ಬರೆದದ್ದು ನೈಟ್ರೊಫ್ಯುರಾಂಟಾಯಿನ್. 1953ರ ಔಷಧ, ಅವ್ವನ ವಾರಗೆಯದು. ಸೆಫಿಕ್ಸಿಮ್‌ಗಿಂತ ಕಮ್ಮಿ ಬೆಲೆಗೆ ಸಿಕ್ಕಿತು. “ಇಷ್ಟು ಕಮ್ಮಿದ್ರಲ್ಲಿ ವಾಸಿಯಾದಾದಾ?” ಎಂದು ಅವ್ವನಿಗೆ ಅನುಮಾನ. ಎರಡನೇ ದಿನ ಮೂತ್ರ ಕಂದು ಬಣ್ಣಕ್ಕೆ ತಿರುಗಿದಾಗ ಗಾಬರಿ. ಅದು ಆ ಮಾತ್ರೆಯದೇ ಬಣ್ಣ. ಮೂರನೇ ದಿನಕ್ಕೆ ಉರಿ ಹೋಯಿತು.

ಎಪ್ಪತ್ತು ವರ್ಷದ ಹಳೆ ಮಾತ್ರೆ ಇನ್ನೂ ನಡೆಯುವುದೇಕೆ? ಅದು ಒಂದು ಪ್ರೋಟೀನಿಗೆ ಗುರಿಯಿಟ್ಟ ಬಾಣವಲ್ಲ. ಬ್ಯಾಕ್ಟೀರಿಯಾದ ನೈಟ್ರೊರಿಡಕ್ಟೇಸ್ ಎಂಬ ಕಿಣ್ವವೇ ಅದನ್ನು ಉರಿಯುವ ಕೆಂಡ ಮಾಡುತ್ತದೆ, ಆಮೇಲೆ ಅದು ಸಿಕ್ಕ ಪ್ರೋಟೀನು, ಡಿಎನ್ಎ ಎಲ್ಲವನ್ನೂ ಸುಡುತ್ತದೆ. ಹತ್ತು ಕಡೆ ಒಟ್ಟಿಗೆ ಬದಲಾಗುವುದು ಕಷ್ಟ. ತಪ್ಪಿಸಿಕೊಳ್ಳಬೇಕೆಂದರೆ ಕಿಣ್ವವನ್ನೇ ಕಳೆದುಕೊಳ್ಳಬೇಕು, ಅದಕ್ಕೆ ಬೆಲೆ ತೆರಬೇಕು. ಉರಿಮೂತ್ರಕ್ಕೆ ಕೊಡುವ ಇನ್ನೊಂದು ಔಷಧ ಫಾಸ್ಫೊಮೈಸಿನ್ನಿನದ್ದೂ ಇಂಥದ್ದೇ ಕಥೆ: ಅದು ಒಳಹೋಗುವುದು ಬ್ಯಾಕ್ಟೀರಿಯಾ ಆಹಾರ ತರಿಸಿಕೊಳ್ಳುವ ಬಾಗಿಲಿಂದ. ಆ ಬಾಗಿಲು ಮುಚ್ಚಿದವನು ಬದುಕಿದರೂ ಸೊರಗುತ್ತಾನೆ. ನೈಟ್ರೊಫ್ಯುರಾಂಟಾಯಿನ್ ರಕ್ತದಲ್ಲಿ ನಿಲ್ಲುವುದಿಲ್ಲ, ಮೂತ್ರಕೋಶದಲ್ಲಷ್ಟೇ ಕೆಲಸ. ಸೋಂಕು ಕಿಡ್ನಿಗೆ ಏರಿದ್ದರೆ ಅದು ಆಗಿಬರುವುದಿಲ್ಲ. ಅದಕ್ಕೇ ಅವ್ವನಿಗೆ ಚಳಿ ಎಂದಾಗ ಡಾಕ್ಟರು ಬೆನ್ನು ಮುಟ್ಟಿ, ಮತ್ತೆ ಮತ್ತೆ ನೋವಿದೆಯಾ ಅಮ್ಮಾ ಎಂದು ಕೇಳಿದ್ದು, ಜ್ವರ ಬಂದರೆ ತಕ್ಷಣ ಬನ್ನಿ ಎಂದದ್ದು. ‘ಪವರ್’ ಎಂಬ ಒಂದೇ ಅಳತೆಗೋಲಿನಲ್ಲಿ ಇದು ಯಾವುದೂ ಸಿಗುವುದಿಲ್ಲ.

ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಸ್ಯಾನಟೋರಿಯಂ ಗೊತ್ತು. ಕ್ಷಯದಿಂದ ತೀರಿಕೊಂಡ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಆಗ ಕ್ಷಯಕ್ಕೆ ಗಾಳಿ, ಬೆಳಕು, ಹಾಲು, ವಿಶ್ರಾಂತಿಯೇ ಔಷಧ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದಾಗ ಪವಾಡವೇ ಆಯಿತೆಂದುಕೊಂಡರು. ಅದೊಂದನ್ನೇ ಕೊಟ್ಟ ರೋಗಿಗಳಲ್ಲಿ ಕೆಲವೇ ತಿಂಗಳಲ್ಲಿ ಅದಕ್ಕೆ ಜಗ್ಗದ ಕ್ಷಯ ಎದ್ದಿತು. ಕೋಶದೊಳಗೆ ಪ್ರೋಟೀನು ಪೋಣಿಸುವ ಯಂತ್ರವಾದ ರೈಬೋಸೋಮಿನ ಎಸ್-12 ಪ್ರೋಟೀನಿನ 43ನೇ ಜಾಗದಲ್ಲಿ ಲೈಸಿನ್ ಹೋಗಿ ಅರ್ಜಿನಿನ್ ಬಂದರೆ ಸಾಕಿತ್ತು. ಎರಡು-ಮೂರು ಔಷಧ ಒಟ್ಟಿಗೆ ಕೊಡುವ ಪದ್ಧತಿ ಹುಟ್ಟಿದ್ದು ಆ ಪೆಟ್ಟಿನಿಂದ. ಒಂದು ಔಷಧಕ್ಕೆ ಸೋಲದ ಕೋಶ ಕೋಟ್ಯಂತರದಲ್ಲಿ ಒಂದು ಇರಬಹುದು, ಮೂರಕ್ಕೂ ಒಟ್ಟಿಗೆ ಸೋಲದ ಕೋಶ ಒಂದು ಶ್ವಾಸಕೋಶದಲ್ಲಿ ಸಿಗುವುದು ಇಲ್ಲವೆನ್ನುವಷ್ಟು ಅಪರೂಪ. ಕ್ಷಯದ ಮಾತ್ರೆ ನಡುವೆ ನಿಲ್ಲಿಸಬಾರದು ಎಂದು ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಜಗಳವಾಡುವುದು ಇದಕ್ಕೆ.

ಇಂದು ಕಫದ ಸ್ಯಾಂಪಲ್ ಸಿಬಿನ್ಯಾಟ್ ಯಂತ್ರಕ್ಕೆ ಹೋದರೆ ಎರಡು ಗಂಟೆಯಲ್ಲಿ ಎರಡು ಉತ್ತರ ಬರುತ್ತದೆ: ಕ್ಷಯ ಇದೆಯೇ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ. ಯಂತ್ರ ಓದುವುದು ಇಡೀ ಜೀನನ್ನಲ್ಲ, ಆರ್‌ಎನ್‌ಎ ತಯಾರಿಸುವ ಪ್ರೋಟೀನಿನ 27 ಅಮೈನೊ ಆಮ್ಲಗಳಿಗೆ ಸಂಬಂಧಪಟ್ಟ 81 ಅಕ್ಷರಗಳನ್ನು ಮಾತ್ರ. ರಿಫಾಂಪಿಸಿನ್ ಕೂರುವ ಗೂಡು ಅಲ್ಲಿದೆ. ಅಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಬದಲಾವಣೆ 450ನೇ ಸೇರಿನ್ ಲ್ಯೂಸಿನ್ ಆಗುವುದು. ಅಕ್ಷರದಲ್ಲಿ ನೋಡಿದರೆ ಟಿ-ಸಿ-ಜಿ ಇದ್ದದ್ದು ಟಿ-ಟಿ-ಜಿ. ಅವ್ವನ ಮೂತ್ರದ ಇ-ಕೊಲೈ, ಯಾರದೋ ಕಫದ ಕ್ಷಯ, ಬೇರೆ ಬೇರೆ ಔಷಧ, ಬೇರೆ ಬೇರೆ ಪ್ರೋಟೀನು. ತಪ್ಪಿದ್ದು ಮಾತ್ರ ಒಂದೇ ಅಕ್ಷರ.

‘ಕೋರ್ಸ್ ಮುಗಿಸದ ರೋಗಿಯಿಂದಲೇ ಇಷ್ಟೆಲ್ಲ’ ಎನ್ನುವ ಮಾತಿಗೆ ನನ್ನ ತಕರಾರಿದೆ. ಕ್ಷಯಕ್ಕೆ ಅದು ಅಕ್ಷರಶಃ ನಿಜ. ಉಳಿದ ಸಾಮಾನ್ಯ ಸೋಂಕುಗಳ ವಿಷಯದಲ್ಲಿ ದಿನ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಆಧಾರ ತೆಳು ಎಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ತಂಡ ವಾದಿಸಿತು. ಈಗ ಹಲವು ಸೋಂಕುಗಳಿಗೆ ಡಾಕ್ಟರೇ ಮೂರು, ಐದು ದಿನಕ್ಕೆ ಬರೆಯುತ್ತಾರೆ. ಬರೆದಷ್ಟು ದಿನ ನುಂಗಬೇಕು ಸರಿ. ಆದರೆ ದೊಡ್ಡ ತಪ್ಪು ಆಗುವುದು ಕೊನೆಯ ದಿನದಲ್ಲಲ್ಲ, ಮೊದಲ ದಿನ. ಬೇಡದ್ದಕ್ಕೆ, ನೋಡದೆ, ಸಿಕ್ಕಿದ ಮಾತ್ರೆ ಶುರುಮಾಡುವುದರಲ್ಲಿ. ನಾನು ಮಾಡಿದ್ದು ಅದನ್ನೇ. ಆ ಐದು ದಿನ ಅವ್ವನ ಕರುಳಿನಲ್ಲಿದ್ದ ಬಡಪಾಯಿ ಬ್ಯಾಕ್ಟೀರಿಯಾಗಳು ಸತ್ತವು, ಸಿಟಿಎಕ್ಸ್-ಎಂ ಇದ್ದವು ಆ ಜಾಗ ಹಿಡಿದವು.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್-1 ಜಾರಿಯಲ್ಲಿದೆ. ಸೆಫಿಕ್ಸಿಮ್, ಮೆರೊಪೆನೆಮ್ ಸೇರಿ 24 ಆ್ಯಂಟಿಬಯಾಟಿಕ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಯಾರು ಬರೆದರು, ಯಾರಿಗೆ ಕೊಟ್ಟರು, ಎಷ್ಟು ಎಂದು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನನಗೆ ಸ್ಟ್ರಿಪ್ ಕೊಟ್ಟಾಗ ಯಾವ ಪುಸ್ತಕವೂ ತೆರೆಯಲಿಲ್ಲ, ನಾನೂ ಕೇಳಲಿಲ್ಲ. ದನಕೋಳಿಗಳ ವಿಷಯದಲ್ಲಿ ಒಂದು ಗಟ್ಟಿ ಹೆಜ್ಜೆ 2019ರ ಜುಲೈನಲ್ಲಿ ಬಂತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ನಿಷೇಧಿಸಿತು. ಕೊಲಿಸ್ಟಿನ್ನಿಗೆ ಜಗ್ಗದಂತೆ ಮಾಡುವ ಎಂಸಿಆರ್-1 ಎಂಬ ಕಿಣ್ವದ ಜೀನು ಪ್ಲಾಸ್ಮಿಡ್ ಹತ್ತಿ ಓಡಾಡುತ್ತಿದೆ ಎಂದು 2015ರಲ್ಲಿ ಚೀನಾದಿಂದ ವರದಿ ಬಂದಿತ್ತು. ಮೊದಲು ಹೆಚ್ಚಾಗಿ ಕಂಡದ್ದು ಹಂದಿಗಳಲ್ಲಿ, ಮಾಂಸದಂಗಡಿಗಳಲ್ಲಿ.

ಆದರೆ ಮಂಡ್ಯ, ಮೈಸೂರಿನ ಮಟ್ಟಿಗೆ ನನಗೆ ಕಾಣುವ ಕೊರತೆ ಕಾನೂನಿನದ್ದಲ್ಲ, ಕಲ್ಚರಿನದ್ದು. ಮೈಸೂರಲ್ಲಿ ಆಟೋ ಹತ್ತಿದರೆ ಲ್ಯಾಬು ಸಿಗುತ್ತದೆ. ಪಾಂಡವಪುರದ ಆಚೆಯ ಹಳ್ಳಿಯವರಿಗೆ ಸ್ಯಾಂಪಲ್ ಕೊಡಲು ಒಂದು ದಿನದ ಕೂಲಿ ಹೋಗುತ್ತದೆ, ರಿಪೋರ್ಟಿಗೆ ಇನ್ನೊಂದು ದಿನ. ಅಲ್ಲಿನ ಡಾಕ್ಟರು ಊಹೆಯ ಮೇಲೆ ಬರೆಯುತ್ತಾರೆ, ಬೇರೆ ದಾರಿ ಇಲ್ಲ. ಆಗ್ನೇಯ ಏಷ್ಯಾ ವಲಯದಲ್ಲಿ 2023ರಲ್ಲಿ ಲ್ಯಾಬಿನಲ್ಲಿ ಖಚಿತವಾದ ಸೋಂಕುಗಳಲ್ಲಿ ಮೂರಕ್ಕೊಂದು ಔಷಧಕ್ಕೆ ಜಗ್ಗದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತವೂ ಆ ವಲಯದ್ದೇ. ಅಂಥಲ್ಲಿ ಊಹೆ ತಪ್ಪುವ ಸಂಭವ ಸಣ್ಣದಲ್ಲ. ಕ್ಷಯಕ್ಕೆ ಸಿಬಿನ್ಯಾಟ್ ಇಟ್ಟ ಹಾಗೆ ಉರಿಮೂತ್ರಕ್ಕೂ ತಾಲ್ಲೂಕು ಆಸ್ಪತ್ರೆಯಲ್ಲೇ ಕಲ್ಚರ್ ಆಗಿ, ಆ ಸೀಮೆಯಲ್ಲಿ ಈ ವರ್ಷ ಯಾವ ಔಷಧಕ್ಕೆ ಎಷ್ಟು ‘ಆರ್’ ಬಂತು ಎಂಬ ಒಂದು ಹಾಳೆ ಡಾಕ್ಟರ ಮೇಜಿನ ಮೇಲಿದ್ದರೆ ಊಹೆಯೂ ಇಷ್ಟು ಕುರುಡಾಗಿರುವುದಿಲ್ಲ. ಮಾಡಲು ಬೇಕಾದದ್ದು ಅಗಾರ್ ತಟ್ಟೆ, ಔಷಧದ ಬಿಲ್ಲೆಗಳು, ಒಂದು ಇನ್‌ಕ್ಯುಬೇಟರ್, ಬಿಲ್ಲೆಯ ಸುತ್ತಲ ಖಾಲಿ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯುವ ಒಬ್ಬ ತರಬೇತಾದ ಟೆಕ್ನಿಷಿಯನ್.

ಅವ್ವ ಆ ರಿಪೋರ್ಟನ್ನು ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟುಕೊಂಡಿದ್ದಾಳೆ. ಶಿವರಾತ್ರಿಗೆ ಊರಿಗೆ ಹೋದಾಗ ಮತ್ತೆ ಉರಿ ಶುರುವಾಯಿತು. ಅಕ್ಕ ಹತ್ತಿರದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಅವರು ಸಿಪ್ರೊ ಬರೆಯಲು ಶುರುಮಾಡಿದ್ದರಂತೆ. ಅವ್ವ ಕವರ್ ಬಿಚ್ಚಿ ಹಾಳೆ ಮುಂದಿಟ್ಟು, “ಇದ್ರಲ್ಲಿ ಅದ್ಕೆ ಆರ್ ಅಂತ ಬರ್ದವ್ರೆ ನೋಡಿ ಸಾರ್” ಎಂದಳಂತೆ. ಅವರು ಓದಿ, ಬರೆದ ಸಾಲು ಹೊಡೆದುಹಾಕಿ, ಒಂದು ಸ್ಟೆರೈಲ್ ಡಬ್ಬಿ ತರಲು ನರ್ಸಿಗೆ ಹೇಳಿದರು.